ನಾಲ್ಕು ಚೌಕದಿಂದ ರಂಗದವರೆಗೆ: ಚಾರ್ಲಿ ಬ್ರೌನ್ ಸಂಗೀತ ನಾಟಕವನ್ನು ಶಾಲಾ ಮಕ್ಕಳಿಗೆ ಪರಿಚಯಿಸುವ ಬಗೆ

ಹಾಡು, ಕುಣಿತ, ಮಾತು ಮೂರೂ ಕೂಡಿದ ಆಟ ಉತ್ತರ ಕನ್ನಡದ ಮಕ್ಕಳಿಗೆ ಹೊಸದಲ್ಲ. ಹೊನ್ನಾವರ, ಕುಮಟಾ, ಸಿದ್ದಾಪುರದ ಕಡೆಯ ಮಗು ನಾಲ್ಕನೆಯ ತರಗತಿಗೆ ಬರುವಷ್ಟರಲ್ಲಿ ಚಂಡೆಯ ಸದ್ದಿಗೆ ನಿದ್ದೆಗಣ್ಣಿನಲ್ಲೇ ಎದ್ದು ಕುಳಿತು ಬಣ್ಣದ ವೇಷದ ಪ್ರವೇಶ ನೋಡಿರುತ್ತದೆ. ಶಿರಸಿಯ ಮಕ್ಕಳಿಗಾದರೆ ಮಾರಿಕಾಂಬಾ ಜಾತ್ರೆಗೆ ಬರುವ ನಾಟಕ ಕಂಪನಿಗಳೂ ಗೊತ್ತು. ಹೀಗಿರುವಾಗ ಸಂಗೀತ ನಾಟಕ ಎಂದರೇನು ಎಂದು ಕರಿಹಲಗೆಯ ಮೇಲೆ ವ್ಯಾಖ್ಯೆ ಬರೆಯುವುದು ವ್ಯರ್ಥ. ಚಾರ್ಲಿ ಬ್ರೌನ್ ನಾಟಕದಲ್ಲಿ ಅವರಿಗೆ ನಿಜಕ್ಕೂ ಹೊಸದಾಗಿ ಕಾಣುವುದು ಬೇರೆ ಸಂಗತಿ: ಯುದ್ಧವಿಲ್ಲ, ರಾಜನಿಲ್ಲ, ನಾಯಕ ಕೊನೆಯವರೆಗೂ ಏನನ್ನೂ ಗೆಲ್ಲುವುದಿಲ್ಲ. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಚೌಕಗಳಲ್ಲಿ ಮುಗಿಯುತ್ತಿದ್ದ ನಗೆಯೊಂದು ರಂಗವೇರಿ ಹಾಡತೊಡಗುತ್ತದೆ. ಪರಿಚಯ ಶುರುವಾಗಬೇಕಾದದ್ದು ಆ ಚೌಕದಿಂದಲೇ, ವಿಡಿಯೊದಿಂದ ಅಲ್ಲ.

ಯಾವ ನಾಟಕ, ಯಾವ ತರಗತಿ

ಕಾಮಿಕ್ಸ್ ಪಟ್ಟಿಗಳಿಂದ ಹುಟ್ಟಿದ ಸಂಗೀತ ನಾಟಕಗಳಲ್ಲಿ ಹೆಚ್ಚು ಹೆಸರಾದದ್ದು 1977ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ತೆರೆಕಂಡ ‘ಆ್ಯನಿ’. ಹೆರಾಲ್ಡ್ ಗ್ರೇ 1924ರಲ್ಲಿ ಆರಂಭಿಸಿದ ಅನಾಥ ಹುಡುಗಿಯ ಪಟ್ಟಿ ಅದರ ಮೂಲ. ಒಳ್ಳೆಯ ನಾಟಕವೇ. ಆದರೆ ಅದು ನಡೆಯುವುದು 1933ರ ನ್ಯೂಯಾರ್ಕಿನಲ್ಲಿ. ಆರ್ಥಿಕ ಮಹಾಕುಸಿತ, ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲವನ್ನೂ ಮೊದಲು ವಿವರಿಸಬೇಕು. ಪಾತ್ರಗಳ ಸಂತೆಯೂ ದೊಡ್ಡದು. ಪ್ರೌಢಶಾಲೆಯವರು ಅದನ್ನು ಎತ್ತಿಕೊಳ್ಳಲಿ.

ಐದರಿಂದ ಎಂಟನೆಯ ತರಗತಿಯವರಿಗೆ ನನ್ನ ಮತ ‘ಯೂ ಆರ್ ಎ ಗುಡ್ ಮ್ಯಾನ್, ಚಾರ್ಲಿ ಬ್ರೌನ್’ ನಾಟಕಕ್ಕೆ. ಆರೇ ಪಾತ್ರಗಳು. ಉದ್ದದ ಕಥೆಯಿಲ್ಲ, ಒಂದು ದಿನದಲ್ಲಿ ನಡೆಯಬಹುದಾದ ಪುಟ್ಟ ಪುಟ್ಟ ಪ್ರಸಂಗಗಳಷ್ಟೆ: ಊಟದ ಬಿಡುವು, ಗಾಳಿಪಟ, ಮನೆಗೆಲಸ, ಆಟ, ನಾಯಿಗೆ ಊಟ. ಒಂದು ಅವಧಿಗೆ ಒಂದು ಪ್ರಸಂಗವನ್ನು ಎತ್ತಿಕೊಂಡರೂ ಏನೂ ಕಡಿದುಹೋಗುವುದಿಲ್ಲ. ನಲವತ್ತು ನಿಮಿಷದ ಗಂಟೆಗೆ ಬದುಕನ್ನು ಕತ್ತರಿಸಿಕೊಂಡಿರುವ ನಮ್ಮ ಶಾಲೆಗಳಿಗೆ ಇದಕ್ಕಿಂತ ಹೊಂದುವ ನಾಟಕ ಸಿಗುವುದು ಕಷ್ಟ.

ಶಿಕ್ಷಕರು ಮೊದಲು ತಿಳಿದಿರಬೇಕಾದದ್ದು

ಮಕ್ಕಳು ಕೇಳುವ ಪ್ರಶ್ನೆಗಳಿಗೆ ಇಷ್ಟು ಸಾಕಾಗುತ್ತದೆ. ಅಮೆರಿಕದ ಮಿನೆಸೋಟ ರಾಜ್ಯದ ಚಾರ್ಲ್ಸ್ ಶುಲ್ಜ್, ಚಾರ್ಲಿ ಬ್ರೌನ್ ಮತ್ತವನ ಗೆಳೆಯರಿರುವ ‘ಪೀನಟ್ಸ್’ ಪಟ್ಟಿಯನ್ನು 1950ರ ಅಕ್ಟೋಬರ್ 2ರಂದು ಆರಂಭಿಸಿದರು. ಹತ್ತಿರ ಹತ್ತಿರ ಐವತ್ತು ವರ್ಷ, ಸಹಾಯಕರನ್ನು ಇಟ್ಟುಕೊಳ್ಳದೆ, ತಾವೇ ಬರೆದು ತಾವೇ ಚಿತ್ರಿಸಿದ ಪಟ್ಟಿಗಳು 17,897. ಅವರು ತೀರಿಕೊಂಡದ್ದು 2000ದ ಫೆಬ್ರುವರಿ 12ರಂದು; ಅವರ ಕೊನೆಯ ಪಟ್ಟಿ ಪತ್ರಿಕೆಗಳಲ್ಲಿ ಅಚ್ಚಾದದ್ದು ಮರುದಿನ. ‘ಪೀನಟ್ಸ್’ ಎಂಬ ಹೆಸರು ಅವರಿಟ್ಟದ್ದಲ್ಲ, ಹಂಚುವ ಸಂಸ್ಥೆ ಇಟ್ಟದ್ದು, ಅವರಿಗೆ ಎಂದೂ ಹಿಡಿಸಲಿಲ್ಲ. ಈ ಮಾತು ಕೇಳಿದರೆ ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಹೆಸರಿರುವ ಮಕ್ಕಳು ಕಿವಿ ನಿಮಿರಿಸುತ್ತಾರೆ.

ಕ್ಲಾರ್ಕ್ ಗೆಸ್ನರ್ ಎಂಬ ಸಂಯೋಜಕರು ಈ ಪಾತ್ರಗಳ ಮೇಲೆ ಹಾಡು ಕಟ್ಟಿದರು. 1966ರಲ್ಲಿ ಅವು ಧ್ವನಿಮುದ್ರಿಕೆಯಾಗಿ ಬಂದವು. 1967ರ ಮಾರ್ಚ್ 7ರಂದು ನ್ಯೂಯಾರ್ಕಿನ ಒಂದು ಚಿಕ್ಕ ರಂಗಮಂದಿರದಲ್ಲಿ ನಾಟಕವಾಗಿ ತೆರೆಕಂಡು 1,597 ಪ್ರದರ್ಶನ ಕಂಡಿತು. 1999ರಲ್ಲಿ ಬ್ರಾಡ್‌ವೇಯಲ್ಲಿ ಹೊಸ ಹಾಡುಗಳನ್ನು ಸೇರಿಸಿ ಮತ್ತೆ ಆಡಿದರು; ಮೊದಲಿನ ಪ್ಯಾಟಿ ಎಂಬ ಹುಡುಗಿಯ ಜಾಗಕ್ಕೆ ಚಾರ್ಲಿಯ ತಂಗಿ ಸ್ಯಾಲಿ ಬಂದದ್ದು ಆಗಲೇ. ಈ ಮಕ್ಕಳ ಪಾತ್ರಗಳನ್ನು ಮಾಡಿದವರು ದೊಡ್ಡವರು. ಸಣ್ಣ ಹುಡುಗ ಭೀಮನಾಗಬಹುದಾದರೆ ದೊಡ್ಡವರು ಹುಡುಗರಾಗುವುದರಲ್ಲಿ ಏನು ವಿಶೇಷ ಎಂದು ನಮ್ಮ ಮಕ್ಕಳು ಕೇಳಿದರೆ ಆಶ್ಚರ್ಯಪಡಬೇಡಿ.

ಮೊದಲ ಅವಧಿ: ಚೌಕವನ್ನು ಓದುವುದು

ಹಳೆಯ ನಾಲ್ಕು ಚೌಕದ ಪಟ್ಟಿಯೊಂದನ್ನು ಆರಿಸಿ. ಪ್ರೊಜೆಕ್ಟರ್ ಇದ್ದರೆ ಸರಿ. ಇಲ್ಲದಿದ್ದರೆ ಗುಂಪಿಗೊಂದು ಜೆರಾಕ್ಸ್. ಜುಲೈ ತಿಂಗಳಲ್ಲಿ ಶಿರಸಿ, ಯಲ್ಲಾಪುರದ ಕಡೆ ವಿದ್ಯುತ್ತನ್ನು ನಂಬಿ ಪಾಠದ ಯೋಜನೆ ಮಾಡುವವರಿಗೆ ನನ್ನ ನಮಸ್ಕಾರ. ಜೆರಾಕ್ಸೇ ಒಳ್ಳೆಯದು, ಅದನ್ನು ಕತ್ತರಿಸಲೂ ಬರುತ್ತದೆ.

ನಾಲ್ಕು ಚೌಕಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ಕಲಸಿ, ಗುಂಪುಗಳಿಗೆ ಕೊಡಿ. ಕ್ರಮವಾಗಿ ಜೋಡಿಸಲಿ. ಮಾತು ಇಂಗ್ಲಿಷಿನಲ್ಲಿದ್ದರೆ ಗುಳ್ಳೆಗಳ ಮೇಲೆ ಕನ್ನಡದ ಚೀಟಿ ಅಂಟಿಸಿ; ಕಾರವಾರದಲ್ಲಿ ಕೊಂಕಣಿಯ ಚೀಟಿಯೂ ನಡೆಯುತ್ತದೆ. ಶುಲ್ಜ್ ಮೊದಲ ದಶಕಗಳಲ್ಲಿ ನಾಲ್ಕೂ ಚೌಕಗಳನ್ನು ಒಂದೇ ಅಳತೆಯಲ್ಲಿ ಬರೆಯುತ್ತಿದ್ದರು. ಪತ್ರಿಕೆಯವರು ತಮಗಿರುವ ಜಾಗ ನೋಡಿಕೊಂಡು ಅವನ್ನು ಅಡ್ಡಸಾಲಾಗಿ, ಉದ್ದಸಾಲಾಗಿ, ಅಥವಾ ಎರಡರ ಮೇಲೆ ಎರಡಾಗಿ ಜೋಡಿಸಿಕೊಳ್ಳಲಿ ಎಂಬುದು ಲೆಕ್ಕಾಚಾರ. ಮೂರು ರೀತಿಯಲ್ಲೂ ಮಕ್ಕಳೇ ಜೋಡಿಸಿ ನೋಡಲಿ.

ಆಮೇಲೆ ನಾಲ್ಕನೆಯ ಚೌಕವನ್ನು ಮುಚ್ಚಿ, ಮುಂದೇನಾಗುತ್ತದೆ ಎಂದು ಕೇಳಿ. ಹತ್ತರಲ್ಲಿ ಒಂಬತ್ತು ಮಕ್ಕಳು ಯಾರಾದರೂ ಬೀಳುವುದನ್ನೋ ಹೊಡೆಯುವುದನ್ನೋ ಹೇಳುತ್ತಾರೆ. ತೆರೆದು ತೋರಿಸಿದಾಗ ಅಲ್ಲಿ ಒಂದು ನಿಟ್ಟುಸಿರು ಮಾತ್ರ ಇರುತ್ತದೆ. ಆ ವ್ಯತ್ಯಾಸವೇ ಈ ಪಟ್ಟಿಯ ಸ್ವಭಾವ, ನೀವು ವಿವರಿಸಬೇಕಾಗಿಲ್ಲ.

ಇನ್ನೊಂದು ಅಭ್ಯಾಸ ಮಾತಿಲ್ಲದ ಚೌಕದ್ದು. ಶುಲ್ಜ್ ಅನೇಕ ಸಲ ಮೂರನೆಯ ಚೌಕವನ್ನು ಮೌನವಾಗಿ ಬಿಡುತ್ತಾರೆ. ಪಾತ್ರ ಸುಮ್ಮನೆ ನಿಂತಿರುತ್ತದೆ. ಇಬ್ಬರು ಮಕ್ಕಳನ್ನು ಮುಂದೆ ನಿಲ್ಲಿಸಿ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ. ಮೌನದ ಚೌಕ ಬಂದಾಗ ತರಗತಿ ಮನಸ್ಸಿನಲ್ಲೇ ನಾಲ್ಕು ಎಣಿಸಬೇಕು. ಮೊದಲ ಸಲ ಎಲ್ಲರೂ ಕಿಸಕ್ಕನೆ ನಗುತ್ತಾರೆ, ಎರಡನೆಯ ಸಲ ಯಾರೋ ಅವಸರಪಡುತ್ತಾರೆ. ಮೂರನೆಯ ಸಲ ಆ ಮೌನ ಕೂತುಕೊಳ್ಳುತ್ತದೆ. ನಾಟಕದಲ್ಲಿ ತಡೆದು ನಿಲ್ಲುವುದು ಎಂದರೇನು ಎಂಬುದನ್ನು ಇಷ್ಟು ಅಗ್ಗವಾಗಿ ಕಲಿಸುವ ಬೇರೆ ದಾರಿ ನನಗೆ ಗೊತ್ತಿಲ್ಲ.

ಎರಡನೆಯ ಅವಧಿ: ಪಾತ್ರಗಳು

ಇದಕ್ಕೆ ಅರ್ಧ ಗಂಟೆ ಸಾಕು. ಚಾರ್ಲಿ ಬ್ರೌನ್: ಒಳ್ಳೆಯವನು, ಕೈಹಾಕಿದ್ದು ಯಾವುದೂ ಸರಿಯಾಗದವನು. ಲೂಸಿ: ಎಲ್ಲರಿಗೂ ಬುದ್ಧಿ ಹೇಳುವವಳು, ಐದು ಸೆಂಟಿಗೆ ಮನಸ್ಸಿನ ಕಾಯಿಲೆಗೆ ಸಲಹೆ ಮಾರುವವಳು. ಲೈನಸ್: ಅವಳ ತಮ್ಮ, ಮಹಾ ಪಂಡಿತ, ಆದರೆ ಹೊದಿಕೆ ಕೈಯಲ್ಲಿಲ್ಲದಿದ್ದರೆ ಜೀವ ಹೋದಂತೆ ಆಡುತ್ತಾನೆ. ಶ್ರೋಡರ್: ಪುಟಾಣಿ ಆಟಿಕೆಯ ಪಿಯಾನೊದಲ್ಲಿ ಬೀಥೋವನ್ ನುಡಿಸುವವನು. ಸ್ಯಾಲಿ: ಶಾಲೆಯ ಮೇಲೆ ಸದಾ ತಕರಾರು. ಸ್ನೂಪಿ: ನಾಯಿ, ತನ್ನನ್ನು ನಾಯಿಯೆಂದು ಒಪ್ಪಲು ಸಿದ್ಧವಿಲ್ಲದ ನಾಯಿ. ದೊಡ್ಡವರು ಯಾರೂ ಕಾಣಿಸಿಕೊಳ್ಳುವುದಿಲ್ಲ. ಅಕ್ಕೋರು, ಮಾಸ್ತರು ಇಬ್ಬರಿಗೂ ಇಲ್ಲಿ ವೇಷವಿಲ್ಲ ಎಂದು ಹೇಳಿದರೆ ತರಗತಿಗೆ ಖುಷಿ.

ಇನ್ನೊಬ್ಬಳಿದ್ದಾಳೆ, ರಂಗಕ್ಕೆ ಬರುವುದೇ ಇಲ್ಲ. ಚಾರ್ಲಿ ದೂರದಿಂದಲೇ ನೋಡುವ ಕೆಂಪು ಕೂದಲಿನ ಹುಡುಗಿ. ಊಟದ ಬಿಡುವಿನಲ್ಲಿ ಅವಳು ಇತ್ತ ನೋಡಿದಳೆಂದು ಅವನು ಬುತ್ತಿ ತಂದ ಕಾಗದದ ಚೀಲವನ್ನೇ ತಲೆಗೆ ಮುಚ್ಚಿಕೊಳ್ಳುತ್ತಾನೆ. ಕೊನೆಯಲ್ಲಿ ಅವಳು ಬೀಳಿಸಿದ ಪೆನ್ಸಿಲ್ ಅವನಿಗೆ ಸಿಗುತ್ತದೆ. ಅದರ ಮೇಲೆ ಹಲ್ಲಿನ ಗುರುತು. ಅವಳೂ ಪೆನ್ಸಿಲ್ ಕಚ್ಚುತ್ತಾಳೆ! ಇಡೀ ನಾಟಕದಲ್ಲಿ ಅವನಿಗೆ ದಕ್ಕುವ ಅತಿ ದೊಡ್ಡ ಸಂತೋಷ ಇದು. ಇಲ್ಲಿ ಮಕ್ಕಳಿಗೆ ಕಂಪಾಸ್ ಪೆಟ್ಟಿಗೆ ತೆರೆದು ತಮ್ಮ ತಮ್ಮ ಪೆನ್ಸಿಲ್ ನೋಡಿಕೊಳ್ಳಲು ಹೇಳಿ.

ಮೂರನೆಯ ಅವಧಿ: ಗುಳ್ಳೆ ಹಾಡಾಗುವ ಜಾಗ

ಕಾಮಿಕ್ಸಿನಲ್ಲಿ ಎರಡು ಬಗೆಯ ಗುಳ್ಳೆಗಳಿವೆ. ಚೂಪು ಬಾಲದ್ದು ಮಾತಿಗೆ. ಸಣ್ಣ ಸಣ್ಣ ಉರುಟುಗಳ ಬಾಲದ್ದು ಯೋಚನೆಗೆ. ಸ್ನೂಪಿಗಂತೂ ಯೋಚನೆಯ ಗುಳ್ಳೆ ಮಾತ್ರ. ರಂಗದ ಮೇಲೆ ಗುಳ್ಳೆ ಬರೆಯಲಾಗುವುದಿಲ್ಲವಲ್ಲ, ಆ ಯೋಚನೆ ಎಲ್ಲಿಗೆ ಹೋಗಬೇಕು? ಬಹುಪಾಲು ಹಾಡಿಗೆ ಹೋಗುತ್ತದೆ. ಈ ಒಂದು ಮಾತು ಮಕ್ಕಳಿಗೆ ಹೊಳೆದರೆ ಮುಂದಿನದು ಸಲೀಸು.

ಇಲ್ಲಿ ಯಕ್ಷಗಾನವನ್ನು ಪಕ್ಕಕ್ಕಿಟ್ಟು ನೋಡಿಸಿ. ನಮ್ಮ ಆಟದಲ್ಲಿ ಭಾಗವತರು ಪದ್ಯ ಹೇಳುತ್ತಾರೆ, ವೇಷಧಾರಿ ಕುಣಿಯುತ್ತಾನೆ, ಆಮೇಲೆ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಬೆಳೆಸುತ್ತಾನೆ. ಹಾಡು ಒಬ್ಬರದು, ಮಾತು ಇನ್ನೊಬ್ಬರದು. ಪದ್ಯ ಮೊದಲು, ಅರ್ಥ ಆಮೇಲೆ. ಬ್ರಾಡ್‌ವೇ ಬಗೆಯ ಸಂಗೀತ ನಾಟಕದಲ್ಲಿ ನಡೆ ಸಾಮಾನ್ಯವಾಗಿ ತಿರುವುಮುರುವು. ಪಾತ್ರ ಮಾತಾಡುತ್ತಾ ಮಾತಾಡುತ್ತಾ ಮಾತು ಸಾಲದಾದಾಗ ತಾನೇ ಹಾಡತೊಡಗುತ್ತದೆ. ತಾಳಮದ್ದಲೆ ಕೇಳಿ ಬೆಳೆದ ಮಗುವಿಗೆ ಇದನ್ನು ಒಂದೇ ಉದಾಹರಣೆಯಿಂದ ತೋರಿಸಬಹುದು: ಒಂದೇ ಸಾಲನ್ನು, ಉದಾಹರಣೆಗೆ ‘ನನ್ನ ಕೊಡೆ ಕಳೆದುಹೋಯಿತು’ ಎಂಬುದನ್ನು, ಮೊದಲು ಒಬ್ಬರು ಹಾಡಿ ಇನ್ನೊಬ್ಬರು ಅರ್ಥ ಹೇಳಲಿ. ನಂತರ ಒಬ್ಬರೇ ಮಾತಿನಿಂದ ಶುರುಮಾಡಿ ಅಳು ಬರುವಷ್ಟಾದಾಗ ರಾಗಕ್ಕೆ ಏರಲಿ.

ಇದಾದ ಮೇಲೆ ಮೂಲದ ಹಾಡು ಕೇಳಿಸಿ. ಕೇಳಿಸಿ ಎಂದೇ ಹೇಳುತ್ತಿದ್ದೇನೆ, ತೋರಿಸಿ ಎಂದಲ್ಲ. 1985ರಲ್ಲಿ ಬಂದ ಅನಿಮೇಷನ್ ರೂಪವಿದೆ. ಅದನ್ನು ಮೊದಲೇ ಹಾಕಿದರೆ ಮಕ್ಕಳ ತಲೆಯಲ್ಲಿ ಆ ಚಿತ್ರವೇ ನಿಂತುಬಿಡುತ್ತದೆ, ಆಮೇಲೆ ಅವರು ಮಾಡುವುದೆಲ್ಲ ಅದರ ನಕಲು. ಬ್ಲೂಟೂತ್ ಸ್ಪೀಕರ್ ಒಂದಿದ್ದರೆ ಸಾಕು. ಒಂದು ಅವಧಿಗೆ ಒಂದೇ ಹಾಡು, ಎರಡು ಸಲ. ಮೊದಲ ಸಲ ಅರ್ಥ ಹೇಳದೆ. ಹಾಡುತ್ತಿರುವವರಿಗೆ ಏನಾಗಿದೆ ಎಂದು ಊಹಿಸಲಿ. ಎರಡನೆಯ ಸಲ ಕನ್ನಡದಲ್ಲಿ ಸನ್ನಿವೇಶ ಹೇಳಿ.

ನಾಲ್ಕರಿಂದ ಆರನೆಯ ಅವಧಿ: ಮೂರು ಹಾಡುಗಳು

ಗಾಳಿಪಟದ ಹಾಡಿನಿಂದ ಆರಂಭಿಸಿ. ಹಾಡಿನುದ್ದಕ್ಕೂ ಚಾರ್ಲಿ ದಾರದೊಂದಿಗೆ ಜಗಳವಾಡುತ್ತಾನೆ. ಹಾರಿತು ಎಂಬ ಹಿಗ್ಗು ಕೆಲವೇ ಸಾಲು ಬಾಳುತ್ತದೆ. ಪತ್ರಿಕೆಯ ಪಟ್ಟಿಗಳಲ್ಲಿ ಗಾಳಿಪಟ ತಿನ್ನುವ ಒಂದು ಮರವೂ ಉಂಟು. ಅಡಿಕೆ ತೋಟ, ಹಲಸಿನ ಮರಗಳ ನಡುವೆ ಪಟ ಹಾರಿಸಿ ಗೊತ್ತಿರುವ ಶಿರಸಿಯ ಹುಡುಗರಿಗೆ ಆ ಮರದ ಪರಿಚಯ ಮಾಡಿಕೊಡಬೇಕಿಲ್ಲ. ಕಾರವಾರದವರು ಟ್ಯಾಗೋರ್ ಕಡಲತೀರಕ್ಕೆ ಕರೆದೊಯ್ದು, ಪಟವೇ ಇಲ್ಲದೆ ಬರಿಗೈಯಲ್ಲಿ ಪಟ ಹಾರಿಸುವ ಅಭಿನಯ ಮಾಡಿಸಿ. ಕಣ್ಣು ದಾರದ ತುದಿಯಲ್ಲಿ ನಿಲ್ಲಬೇಕು, ಕೈ ಎಳೆತಕ್ಕೆ ಬಗ್ಗಬೇಕು. ಎಲ್ಲರ ಪಟವೂ ಒಂದೇ ದಿಕ್ಕಿಗೆ ಹಾರುತ್ತಿದೆಯೇ ನೋಡಿ. ಗಾಳಿ ಎಲ್ಲರಿಗೂ ಒಂದೇ ತಾನೆ.

ಎರಡನೆಯದು ಪುಸ್ತಕ ವರದಿಯ ಹಾಡು. ಉಳಿದದ್ದು ಕೈಬಿಟ್ಟರೂ ಇದನ್ನು ಬಿಡಬೇಡಿ. ಮೊಲದ ಕಥೆಯೊಂದರ ಮೇಲೆ ನೂರು ಪದಗಳ ವರದಿ ಬರೆಯಬೇಕು. ನಾಲ್ವರು ನಾಲ್ಕು ಕಡೆ ಕೂತು ಒದ್ದಾಡುತ್ತಾರೆ. ಲೂಸಿ ವಾಕ್ಯಕ್ಕೊಮ್ಮೆ ಪದ ಎಣಿಸುತ್ತಾಳೆ, ತರಕಾರಿಗಳ ಹೆಸರು ಪೇರಿಸುತ್ತಾಳೆ, ಕೊನೆಗೆ ‘ಬಹಳ’ ಎಂಬುದನ್ನೇ ಮತ್ತೆ ಮತ್ತೆ ಬರೆದು ನೂರು ಮುಟ್ಟಿಸುತ್ತಾಳೆ. ಶ್ರೋಡರ್ ಮೊಲದಿಂದ ಶುರುಮಾಡಿ ರಾಬಿನ್‌ಹುಡ್ ಕಥೆಗೆ ಜಾರಿ ಹಿಂದಿರುಗುವುದೇ ಇಲ್ಲ. ಲೈನಸ್ ಮೊಲದ ಮನಸ್ಸು, ಸಮಾಜದ ಒತ್ತಡ ಎಂದು ಪ್ರಬಂಧ ಹೆಣೆಯುತ್ತಾನೆ. ಚಾರ್ಲಿ ಇನ್ನೂ ಬರೆಯಲು ಶುರುಮಾಡಿಲ್ಲ. ಯಾವಾಗ ಶುರುಮಾಡಿದರೆ ಒಳ್ಳೆಯದು ಎಂದು ಯೋಚಿಸುತ್ತಿದ್ದಾನೆ. ಒಬ್ಬೊಬ್ಬರದೇ ಸಾಲು ಕೇಳಿಸಿದ ಮೇಲೆ ನಾಲ್ವರೂ ಒಟ್ಟಿಗೆ ಹಾಡುತ್ತಾರೆ.

ಇದನ್ನು ಮಾಡಿಸಿ ನೋಡಲು ಮೊಲದ ಕಥೆ ಬೇಡ, ನಮ್ಮ ಪುಣ್ಯಕೋಟಿ ಸಾಕು. ತರಗತಿಯನ್ನು ನಾಲ್ಕು ಗುಂಪು ಮಾಡಿ. ಮೊದಲ ಗುಂಪು ಪದ ಎಣಿಸುವವರು: ‘ಪುಣ್ಯಕೋಟಿ ಬಹಳ ಬಹಳ ಬಹಳ ಒಳ್ಳೆಯ ಹಸು, ಆರು ಪದ’. ಗೊಲ್ಲ ಕರೆಯುವ ಹಸುಗಳ ಹೆಸರನ್ನೆಲ್ಲ ಪಟ್ಟಿ ಮಾಡಿದರೆ ಲೂಸಿಯ ತರಕಾರಿಯ ಕೆಲಸ ಮುಗಿಯಿತು. ಎರಡನೆಯ ಗುಂಪು ದಾರಿ ತಪ್ಪುವವರು: ಹುಲಿ ಬಂದ ಕೂಡಲೇ ದಾಂಡೇಲಿಯ ಕಾಡು, ಅಲ್ಲಿಗೆ ಹೋದ ಪ್ರವಾಸ, ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರು ಯಾರು ಎಂಬಲ್ಲಿಗೆ ಹೋಗಿ ನಿಲ್ಲಲಿ. ಮೂರನೆಯವರು ಪಂಡಿತರು: ಹುಲಿ ಪ್ರಾಣ ಬಿಟ್ಟದ್ದೇಕೆ, ಅದರ ಬಾಲ್ಯ ಹೇಗಿತ್ತು. ನಾಲ್ಕನೆಯವರು ನಾಳೆಯವರು: ‘ಊಟವಾಗಲಿ, ಆಮೇಲೆ ಬರೆಯುತ್ತೇನೆ’.

ಪ್ರತಿ ಗುಂಪು ನಾಲ್ಕು ಸಾಲು ಬರೆದು, ನಾಲ್ಕು ಎಣಿಕೆಯ ಚಪ್ಪಾಳೆಗೆ ಹೊಂದಿಸಿ ಹೇಳಲಿ. ಹಾಡಬೇಕೆಂದೇನಿಲ್ಲ, ತಾಳಕ್ಕೆ ಕೂತರೆ ಸಾಕು. ಒಬ್ಬರಾದ ಮೇಲೆ ಒಬ್ಬರು ಹೇಳಿ, ಕೊನೆಗೆ ನಾಲ್ಕೂ ಗುಂಪು ಒಟ್ಟಿಗೆ. ಮೊದಲ ಪ್ರಯತ್ನ ಮೀನು ಮಾರುಕಟ್ಟೆಯಾಗುತ್ತದೆ, ಪಕ್ಕದ ತರಗತಿಯಿಂದ ದೂರು ಬರುತ್ತದೆ. ಚಪ್ಪಾಳೆಯ ಬದಲು ತೊಡೆ ತಟ್ಟಿಸಿ, ಧ್ವನಿಯನ್ನು ಪಿಸುಮಾತಿಗೆ ಇಳಿಸಿ. ಪಿಸುಮಾತಿನಲ್ಲಿ ತಾಳ ಹಿಡಿತಕ್ಕೆ ಬಂದ ಮೇಲೆ ನಿಧಾನವಾಗಿ ಏರಿಸಿ. ನಾಲ್ಕು ಮಾತು ಒಂದೇ ತಾಳದಲ್ಲಿ ಹೊಸೆದುಕೊಂಡು ಹೋಗುವುದನ್ನು ಮಕ್ಕಳು ತಮ್ಮ ಬಾಯಲ್ಲೇ ಅನುಭವಿಸಿದ ನಂತರ ಮೂಲದ ಹಾಡನ್ನು ಮತ್ತೊಮ್ಮೆ ಹಾಕಿ. ಮೊದಲು ಗದ್ದಲವಾಗಿ ಕೇಳಿದ್ದರಲ್ಲಿ ಈಗ ಒಬ್ಬೊಬ್ಬರ ದನಿಯನ್ನು ಹೆಕ್ಕಿ ತೋರಿಸುತ್ತಾರೆ.

ಮೂರನೆಯದು ಸ್ನೂಪಿಯ ಊಟದ ಹಾಡು. ಊಟ ತಡವಾಗಿ, ತನ್ನನ್ನು ಲೋಕವೇ ಮರೆತಿತೆಂದು ನರಳುತ್ತಿದ್ದ ನಾಯಿ, ತಟ್ಟೆ ಕಂಡದ್ದೇ ತಡ, ಎದ್ದು ದೊಡ್ಡ ತಾರೆಯಂತೆ ಕುಣಿಯುತ್ತದೆ. ಸುಮ್ಮನೆ ತಿನ್ನಬಾರದೇ ಎಂದು ಚಾರ್ಲಿ ಗದರುತ್ತಾನೆ. ಹಾಸ್ಯಗಾರರ ಪ್ರವೇಶ ನೋಡಿದವರಿಗೆ ಇದರ ವರಸೆ ಕೂಡಲೇ ಹಿಡಿಯುತ್ತದೆ. ನಾಯಿಯ ಮುಖವಾಡ, ಬಾಲ ಬೇಡ. ಬಿಳಿ ಬನಿಯನ್ನು, ಒಂದು ಸ್ಟೀಲ್ ತಟ್ಟೆ. ಮುಖ ಕಾಣದಿದ್ದರೆ ನಗೆಯೂ ಹುಟ್ಟುವುದಿಲ್ಲ.

ಬೇಸ್‌ಬಾಲಿನ ಹಾಡೂ ಇದೆ, ಸೋತ ಪಂದ್ಯದ ಬಗ್ಗೆ ಪತ್ರಮಿತ್ರನಿಗೆ ಬರೆದ ಪತ್ರದ ರೂಪದಲ್ಲಿ. ಆಟದ ನಿಯಮ ವಿವರಿಸುತ್ತಾ ಕೂತರೆ ಅವಧಿ ಹೋಗುತ್ತದೆ. ಬಿಡಬಹುದು.

ತಮ್ಮದೇ ಪಟ್ಟಿ, ತಮ್ಮದೇ ಹಾಡು

ಇಲ್ಲಿಗೆ ಬಂದ ಮೇಲೆ ಮಕ್ಕಳ ಕೈಗೆ ಖಾಲಿ ನಾಲ್ಕು ಚೌಕ ಕೊಡಿ. ವಿಷಯ ಅವರ ದಿನದ್ದೇ ಇರಲಿ. ಮಾದರಿಗೆ ಮಳೆರಜೆಯ ಪಟ್ಟಿ ನೋಡಿ. ಒಂದನೆಯ ಚೌಕ: ಶಿರಸಿಯ ಹುಡುಗಿ ಕಿಟಕಿಯಲ್ಲಿ, ಹೊರಗೆ ಧೋ ಎಂದು ಮಳೆ. ಎರಡು: ಅಮ್ಮನ ಮೊಬೈಲನ್ನೇ ನೋಡುತ್ತಾ ಕೂತಿದ್ದಾಳೆ. ಮೂರು: ಸಂದೇಶ ಬರುತ್ತದೆ, ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಿಗೆ ರಜೆ. ನಾಲ್ಕು: ಕೊಡೆ ಹಿಡಿದು ಶಾಲೆಯ ದಾರಿಯಲ್ಲಿ, ಮಾತಿಲ್ಲ.

ಹಾಡು ಎಲ್ಲಿ ಬರಬೇಕು? ಮಕ್ಕಳು ಕೊನೆಯ ಚೌಕ ಎನ್ನುತ್ತಾರೆ, ದುಃಖ ಅಲ್ಲಿದೆಯಲ್ಲ ಎಂದು. ಅಲ್ಲೂ ಮಾಡಿ ನೋಡಲಿ, ಆಮೇಲೆ ಎರಡನೆಯ ಚೌಕದಲ್ಲೂ ಮಾಡಲಿ. ಆಸೆ ಹಾಡಾಗಿ, ನಿರಾಸೆ ಮೌನವಾಗಿ ಉಳಿದರೆ ನಗು ಹೆಚ್ಚು. ಹಾಡು ನಾಲ್ಕು ಸಾಲು ಮೀರಬಾರದು:

ಸುರಿಯೇ ಮಳೆಯೇ, ಇನ್ನೂ ಸುರಿ,
ಸಾಹೇಬರ ಕಿಟಕಿಗೆ ಹೋಗಿ ಬಡಿ,
ಹಳ್ಳವು ತುಂಬಿದ ಸುದ್ದಿಯ ಹೇಳಿ
ರಜೆಯನು ಬರೆಯುವ ತನಕ ಸುರಿ.

ಧಾಟಿಗೆ ತಲೆಕೆಡಿಸಿಕೊಳ್ಳಬೇಡಿ. ಅಂಕೋಲೆಯ ಮಕ್ಕಳು ಸುಗ್ಗಿಯ ಧಾಟಿ ತರುತ್ತಾರೆ, ಹೊನ್ನಾವರದವರು ಯಕ್ಷಗಾನದ್ದು, ಕಾರವಾರದವರು ಕೊಂಕಣಿ ಹಾಡಿನದ್ದು. ಭಟ್ಕಳದ ಮಗು ನವಾಯತಿಯಲ್ಲೇ ಎರಡು ಸಾಲು ಸೇರಿಸಿದರೆ ತಡೆಯಬೇಡಿ. ಹಾರ್ಮೋನಿಯಂ, ತಾಳ ಸಾಕು. ಕೊಠಡಿಯೊಳಗೆ ಚಂಡೆ ಬೇಡ. ಹೆಂಚಿನ ಮಾಡಿನ ಕೆಳಗೆ ಅದರೆದುರು ಯಾವ ಹುಡುಗಿಯ ದನಿಯೂ ಕೇಳಿಸದು.

ಪಾತ್ರ ಹಂಚುವಾಗ

ತರಗತಿಯಲ್ಲಿ ಈಗಾಗಲೇ ಎಲ್ಲರೂ ಗೇಲಿ ಮಾಡುವ ಹುಡುಗನಿಗೆ ಚಾರ್ಲಿಯ ಪಾತ್ರ ಕೊಡಬೇಡಿ. ‘ಅವನಿಗೇ ಸರಿ ಅಕ್ಕೋರೇ’ ಎಂದು ತರಗತಿ ಕೂಗಿದರೆ ಅದೇ ಕೊಡದಿರಲು ಕಾರಣ. ಸದಾ ಗೆಲ್ಲುವ, ಮೊದಲ ಬೆಂಚಿನ ಮಗುವಿಗೆ ಕೊಟ್ಟು ನೋಡಿ. ಸೋಲನ್ನು ಅಭಿನಯಿಸುವುದು ಅವರಿಗೆ ಹೊಸ ಕೆಲಸ. ಲೂಸಿಯ ಬೈಗುಳ ಅಭ್ಯಾಸದ ಹೊತ್ತು ಮುಗಿದ ಮೇಲೂ ಮೈದಾನದಲ್ಲಿ ಮುಂದುವರಿಯುತ್ತಿದ್ದರೆ ವಾರಕ್ಕೊಮ್ಮೆ ಪಾತ್ರ ಅದಲುಬದಲು ಮಾಡಿ. ಮಾತು ತೊದಲುವ ಮಕ್ಕಳಿಗೆ ಸ್ನೂಪಿ ಒಳ್ಳೆಯದು ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ತಾಳಕ್ಕೆ ಕೂತ ಮಾತಿನಲ್ಲಿ ಅಂಥ ಅನೇಕ ಮಕ್ಕಳು ತೊದಲುವುದಿಲ್ಲ, ವರದಿಯ ಹಾಡಿನಲ್ಲಿ ಅವರಿಗೂ ಸಾಲು ಕೊಡಿ.

ಹಕ್ಕುಸ್ವಾಮ್ಯ

ನಮ್ಮಲ್ಲಿ ಕೃತಿಯ ಹಕ್ಕು ಲೇಖಕರ ಮರಣಾನಂತರ 60 ವರ್ಷ ಉಳಿಯುತ್ತದೆ. ಶುಲ್ಜ್ ತೀರಿಕೊಂಡದ್ದು 2000ದಲ್ಲಿ, ಗೆಸ್ನರ್ 2002ರಲ್ಲಿ. ಹಾಗಾಗಿ ಇಲ್ಲಿ ಯಾವುದೂ ಪುಕ್ಕಟೆ ಅಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮು ಶಾಲೆಗಳಿಗೆ ಸ್ವಲ್ಪ ಸಡಿಲಿಕೆ ಕೊಟ್ಟಿದೆ: ಶಾಲೆಯ ಚಟುವಟಿಕೆಯ ಭಾಗವಾಗಿ ಅಲ್ಲಿಯ ಶಿಕ್ಷಕರು, ಮಕ್ಕಳೇ ಆಡುವ ಪ್ರದರ್ಶನ, ಪ್ರೇಕ್ಷಕರು ಶಾಲೆಯವರು, ಪಾಲಕರು, ಶಾಲೆಗೆ ಸಂಬಂಧಪಟ್ಟವರು ಮಾತ್ರ. ಟಿಕೆಟ್ ಇಟ್ಟು ಊರಿಗೆಲ್ಲ ತೋರಿಸುವುದು, ಇಡೀ ನಾಟಕವನ್ನು ಅನುವಾದಿಸಿ ಹಂಚುವುದು, ಯೂಟ್ಯೂಬಿಗೆ ಏರಿಸುವುದು ಇದರೊಳಗೆ ಬರುವುದಿಲ್ಲ. ಅದಕ್ಕೆ ಹಕ್ಕುದಾರರ ಪರವಾನಗಿ ಬೇಕು. ಮಕ್ಕಳೇ ಬರೆದ ಪಟ್ಟಿ, ಹಾಡುಗಳಿಗೆ ಈ ತೊಡಕಿಲ್ಲ. ಗ್ಯಾದರಿಂಗಿಗೆ (ಶಾಲೆಯ ವಾರ್ಷಿಕೋತ್ಸವಕ್ಕೆ), ಊರಿನ ವೇದಿಕೆಗೆ ಅವನ್ನೇ ಒಯ್ಯಿರಿ.

ಪ್ರದರ್ಶನದ ದಿನ

ಶನಿವಾರದ ಬೆಳಗಿನ ಶಾಲೆ ಅನುಕೂಲ. ರಂಗಕ್ಕೆ ನಾಲ್ಕು ಬೆಂಚು. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ದೊಡ್ಡ ಚೌಕ ಬರೆದು, ಪಾತ್ರಗಳು ಒಂದರಿಂದ ಮುಂದಿನದಕ್ಕೆ ದಾಟುತ್ತಾ ಹೋಗಲಿ. ಹಾಡು ಬಂದಾಗ ಮಾತ್ರ ಗೆರೆಯ ಹೊರಗೆ ಕಾಲಿಡಲಿ. ಒಂದು ಪಟ್ಟಿಗೆ ಮೂರು ನಿಮಿಷ, ಒಟ್ಟು ಅರ್ಧ ಗಂಟೆ. ಪಾಲಕರಿಗೆ ಮೊದಲೇ ತಿಳಿಸಿ: ಇದಕ್ಕೆ ಒಂದು ಕಥೆಯಿಲ್ಲ, ಕೊನೆಯಲ್ಲಿ ಯಾರೂ ಗೆಲ್ಲುವುದಿಲ್ಲ, ಬಹುಮಾನವೂ ಇಲ್ಲ. ಇಲ್ಲದಿದ್ದರೆ ಮುಗಿದ ಮೇಲೂ ಮುಂದಿನ ಪ್ರವೇಶಕ್ಕೆ ಕಾಯುತ್ತಾ ಕೂತಿರುತ್ತಾರೆ.

ಮೂಲ ನಾಟಕದ ಕೊನೆಯ ಹಾಡು ಸಂತೋಷ ಎಂದರೇನು ಎಂಬುದರ ಪಟ್ಟಿ: ಪೆನ್ಸಿಲ್ ಸಿಕ್ಕಿದ್ದು, ಸಿಳ್ಳೆ ಹಾಕಲು ಬಂದದ್ದು, ಮಿಣುಕುಹುಳ ಹಿಡಿದು ಬಿಟ್ಟದ್ದು. ಅದೇ ಜಾಡಿನಲ್ಲಿ ಪ್ರತಿ ಮಗುವೂ ಒಂದೊಂದು ಸಾಲು ಬರೆದು ತರಲಿ. ‘ಅಮ್ಮ ತಂದೆಯರನ್ನು ಗೌರವಿಸುವುದು’ ಎಂದು ಬರೆದವರಿಗೆ ಚೀಟಿ ವಾಪಸು ಕೊಟ್ಟು, ನಿನ್ನೆ ಸಂಜೆ ನಿಜವಾಗಿ ಖುಷಿಯಾದದ್ದು ಯಾವಾಗ ಎಂದು ಕೇಳಿ. ಮುರುಗಲು ಹಣ್ಣಿನಿಂದ ನಾಲಿಗೆ ಕೆಂಪಾದದ್ದು, ಕೊನೆಯ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದು, ಹೀಗೆ ಬರತೊಡಗುತ್ತವೆ. ಅವನ್ನು ಬಂದ ಕ್ರಮದಲ್ಲೇ ಜೋಡಿಸಿ ಹೇಳಿಸಿ, ಪ್ರಾಸಕ್ಕಾಗಿ ತಿದ್ದಬೇಡಿ.